ಬಾಣಂತಿ ಕೋಣೆಯ ಬಾಗಿಲಲ್ಲಿ

ನಾನು ಏನು ಕೆಲಸ ಮಾಡುತ್ತೇನೆ ಎನ್ನುವುದನ್ನು ನಮ್ಮಮ್ಮನಿಗೆ ಅರ್ಥ ಮಾಡಿಸಲು ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಕೊನೆಗೆ ಅವಳೇ ತನಗೆ ತಿಳಿದಂತೆ ಒಂದು ವಿವರಣೆ ಮಾಡಿಕೊಂಡು, ಬನಶಂಕರಿಯ ನಮ್ಮ ಮನೆಗೆ ಬಂದವರಿಗೆಲ್ಲ ಹೇಳತೊಡಗಿದಳು: "ಜನ ಫೋನಲ್ಲಿ ಏನೇನೋ ಹಾಕ್ತಾರಂತೆ. ಇವಳು ಕೂತ್ಕೊಂಡು ಅಕ್ಕೀಲಿ ಕಲ್ಲು ಆರಿಸ್ದಂಗೆ ಆರಿಸ್ತಾಳಂತೆ." ಆಮೇಲೆ ನಾನು ಕೂತ ಯಾವ ತರಬೇತಿಯಲ್ಲೂ ಇದಕ್ಕಿಂತ ಒಳ್ಳೆಯ ವಿವರಣೆ ಕೇಳಲಿಲ್ಲ. ಕಷ್ಟ ಏನೆಂದರೆ, ಅಕ್ಕಿ ಯಾವುದು ಕಲ್ಲು ಯಾವುದು ಎಂದು ತೀರ್ಮಾನಿಸುವವರು ಬೇರೆ ದೇಶದಲ್ಲಿದ್ದರು, ಮತ್ತು ಆಗಾಗ ಮನಸ್ಸು ಬದಲಾಯಿಸುತ್ತಿದ್ದರು.

ಈಗ ನಾನು ನಿವೃತ್ತಳು. ಎದುರುಮನೆಯ ಮೇಘನಾಗೆ ಅದೇ ಬಗೆಯ ಕಚೇರಿಯಲ್ಲಿ ಕೆಲಸ ಸಿಕ್ಕಿದೆ. ಮೊನ್ನೆ ಪೇಡ ಕೊಡಲು ಬಂದವಳು, ಕೆಲಸ ಹೇಗಿರುತ್ತೆ ಆಂಟಿ ಎಂದು ಕೇಳಿದಳು. ನಿಂತ ಕಾಲಲ್ಲಿ ಹೇಳಿ ಮುಗಿಸುವಂಥದ್ದಲ್ಲವಾದ್ದರಿಂದ, ಎಸಿ ಜೋರಾಗಿರುತ್ತದೆ, ಶಾಲು ತೆಗೆದುಕೊಂಡು ಹೋಗು ಎಂದಷ್ಟೇ ಹೇಳಿ ಕಳಿಸಿದೆ. ಉಳಿದದ್ದನ್ನು ಅವಳಿಗೂ ಅವಳಂಥ ಮಕ್ಕಳಿಗೂ ಇಲ್ಲಿ ಬರೆಯುತ್ತಿದ್ದೇನೆ.

ಈ ಕೆಲಸಕ್ಕೆ ಮೊದಲು ನಾನು ಒಂದು ಕನ್ನಡ ವಾರಪತ್ರಿಕೆಯಲ್ಲಿ ಓದುಗರ ಪತ್ರಗಳ ಪುಟ ನೋಡಿಕೊಳ್ಳುತ್ತಿದ್ದೆ. ಯಾರಾದರೂ ತೀರಾ ಖಾರವಾಗಿ ಬರೆದಿದ್ದರೆ, ಇಲ್ಲವೇ ಬರೆದದ್ದು ತಿಳಿಯದಿದ್ದರೆ, ಅವರಿಗೇ ಒಂದು ಕಾರ್ಡು ಹಾಕಿ ಕೇಳುತ್ತಿದ್ದೆ. ಅವರು ಉತ್ತರ ಬರೆಯುತ್ತಿದ್ದರು, ಕೆಲವರು ಮೊದಲಿಗಿಂತ ಖಾರವಾಗಿ. ಪತ್ರಿಕೆ ನಿಂತುಹೋಯಿತು. ಕನ್ನಡ ಬಿಟ್ಟರೆ ಬೇರೆ ವಿದ್ಯೆಯಿಲ್ಲದ ನಡುವಯಸ್ಸಿನ ಹೆಂಗಸಿಗೆ ಇನ್ನು ಯಾರು ಕೆಲಸ ಕೊಡುತ್ತಾರೆ ಎಂದುಕೊಳ್ಳುತ್ತಿದ್ದಾಗ, ಜೆ.ಪಿ. ನಗರದ ಗುತ್ತಿಗೆ ಕಂಪನಿಯೊಂದು ಕನ್ನಡ ಬಲ್ಲವರು ಬೇಕು ಎಂದಿತು. ದೊಡ್ಡದೊಂದು ಜಾಲತಾಣಕ್ಕೆ ಬರುವ ಕನ್ನಡ ಪೋಸ್ಟುಗಳನ್ನು ನೋಡಿ, ಇರಲಿ ಅಥವಾ ತೆಗೆಯಿರಿ ಎಂದು ಗುಂಡಿ ಒತ್ತಬೇಕು. ಜಾಲತಾಣದ ಹೆಸರು ಬರೆಯುವುದಿಲ್ಲ. ಬರೆಯುವುದಿಲ್ಲವೆಂದು ಸಹಿ ಹಾಕಿದ್ದೇನೆ, ಬರೆದರೂ ನಿಮಗೆ ಹೊಸದೇನೂ ತಿಳಿಯುವುದಿಲ್ಲ.

ಮೊದಲ ದಿನವೇ ಎರಡು ಕಟ್ಟಳೆ ಹೇಳಿಕೊಟ್ಟರು. ಒಂದು, ಪೋಸ್ಟು ಹಾಕಿದವರನ್ನು ಏನೂ ಕೇಳುವಂತಿಲ್ಲ. ಅವರಿಗೆ ನಾವು ಯಾರೆಂದು ತಿಳಿಯಬಾರದು, ನಮಗೆ ಅವರು ಯಾಕೆ ಹಾಕಿದರೆಂದು ಬೇಕಾಗಿಲ್ಲ. ಇನ್ನೊಂದು ಅಂಕದ ವಿಚಾರ. ನಾವು ನೋಡಿದ ಪೋಸ್ಟುಗಳಲ್ಲಿ ಕೆಲವನ್ನು ಹೊರದೇಶದ ಆಡಿಟರ್ ಒಬ್ಬರು ಮತ್ತೆ ನೋಡುತ್ತಾರೆ. ಅವರ ತೀರ್ಮಾನವೂ ನಮ್ಮ ತೀರ್ಮಾನವೂ ಹೊಂದಿದರೆ ಅಂಕ, ಇಲ್ಲದಿದ್ದರೆ ಇಲ್ಲ. ಹಾಗಾಗಿ ಸ್ವಲ್ಪ ದಿನದಲ್ಲೇ ಎಲ್ಲರೂ ಪೋಸ್ಟು ನೋಡುವುದನ್ನು ಬಿಟ್ಟು ಆಡಿಟರ್ ಮನಸ್ಸನ್ನು ಊಹಿಸುವುದನ್ನು ಕಲಿಯುತ್ತಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರಿಗೆ ಅಲ್ಲಿ ಒಳ್ಳೆಯ ಅಂಕ ಬರುತ್ತಿತ್ತು.

ನಮ್ಮ ತಂಡದ ಮುಖ್ಯಸ್ಥ ಕಾರ್ತಿಕ್, ಜಯನಗರದವನು, ನನ್ನ ಮಗಳಿಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವನಿರಬಹುದು. ಮೇಲಿನವರ ಜೊತೆ ಇಂಗ್ಲಿಷಿನಲ್ಲಿ ಬಹಳ ನಯವಾಗಿ ಮಾತಾಡಿ, ಕರೆ ಮುಗಿದ ಕೂಡಲೇ ಕನ್ನಡದಲ್ಲಿ ಒಂದು ಮಾತು ಬೈದು, ಆಮೇಲೆ ನನ್ನ ಕಡೆ ತಿರುಗಿ ಸಾರಿ ಮೇಡಂ ಅನ್ನುತ್ತಿದ್ದ. ಅದನ್ನು ತೆಗೆಯಲು ನಮ್ಮಲ್ಲಿ ಗುಂಡಿ ಇರಲಿಲ್ಲ.

ನಾನು ಸೇರಿದ ವರ್ಷದ ಆಯುಧ ಪೂಜೆ ಇವತ್ತಿಗೂ ನಗು ತರಿಸುತ್ತದೆ. ಆಗಷ್ಟೇ ಪೋಸ್ಟುಗಳನ್ನು ತಾನೇ ಜರಡಿ ಹಿಡಿಯುವ ಕಂಪ್ಯೂಟರ್ ಯಂತ್ರ ಬಂದಿತ್ತು. ಮೊದಲು ಅದು ನೋಡಿ ಅನುಮಾನ ಬಂದದ್ದನ್ನು ನಮಗೆ ಕಳಿಸಬೇಕು. ಆ ದಿನ ಬೆಳಿಗ್ಗೆಯಿಂದಲೇ ಮಚ್ಚು, ಗರಗಸ, ಕುಡುಗೋಲು, ಚಾಕು ರಾಶಿರಾಶಿಯಾಗಿ ಬಂದವು. ಎಲ್ಲಕ್ಕೂ ಕುಂಕುಮ, ಚೆಂಡುಹೂವು. ಯಂತ್ರದ ಪ್ರಕಾರ ಬೆಂಗಳೂರೆಲ್ಲ ಶಸ್ತ್ರಾಸ್ತ್ರ ಮಾರಾಟಕ್ಕೆ ಇಳಿದಿತ್ತು. ಮಧ್ಯಾಹ್ನದ ಹೊತ್ತಿಗೆ ಅಂಗಡಿಗಳ ಮುಂದೆ, ಆಟೋಗಳ ಮುಂದೆ ಒಡೆದ ಬೂದುಗುಂಬಳಕಾಯಿಗಳು ಶುರುವಾದವು. ಒಳಗೆಲ್ಲ ಕುಂಕುಮ ಬೆರೆತ ಆ ಹೋಳುಗಳನ್ನು ಯಂತ್ರ ಒಂದೂ ತಪ್ಪದೆ ಭೀಕರ ಹಿಂಸೆಯ ಖಾನೆಗೆ ಹಾಕಿತು. ಊರಲ್ಲಿ ಗಲಭೆಯಾಗಿದೆಯೇ, ನೀವೆಲ್ಲ ಕ್ಷೇಮವೇ ಎಂದು ಹೊರದೇಶದಿಂದ ಕಾರ್ತಿಕನಿಗೆ ಕರೆ ಬಂತು. ಅವನು ಕುಂಬಳಕಾಯಿಯಿಂದ ದೃಷ್ಟಿ ತೆಗೆಯುವುದನ್ನು ಇಂಗ್ಲಿಷಿನಲ್ಲಿ ವಿವರಿಸಿದ್ದನ್ನು ನಾವೆಲ್ಲ ಕೆಲಸ ಬಿಟ್ಟು ಕೇಳಿದೆವು.

ಎಲ್ಲವೂ ಅಷ್ಟು ಸುಲಭವಿರಲಿಲ್ಲ. ನನ್ನ ಪಕ್ಕದ ಕುರ್ಚಿ ಬಸವರಾಜನದು. ವಿಜಯಪುರದ ಕಡೆಯವನು, ಬಿಟಿಎಂನಲ್ಲಿ ಬಾಡಿಗೆ ಕೋಣೆ ಹಿಡಿದು ಇಬ್ಬರು ಗೆಳೆಯರ ಜೊತೆ ಇದ್ದ. ಒಂದು ದಿನ ಅವನ ತೆರೆಯ ಮೇಲೆ ಒಬ್ಬ ಹಿರಿಯರ ಶವದ ಚಿತ್ರ ಬಂತು. ಹಣೆತುಂಬ ವಿಭೂತಿ, ಹೂವಿನ ಅಲಂಕಾರ, ಕುರ್ಚಿಯಲ್ಲಿ ಕೂರಿಸಿದ್ದರು, ಸುತ್ತ ಮನೆಮಂದಿ. ಹೆಣವನ್ನು ಅವಮಾನಿಸುವ ಚಿತ್ರ, ತೆಗೆಯಬೇಕು ಎಂದು ಯಂತ್ರ ಹೇಳಿತ್ತು. ಬಸವರಾಜ ಇರಲಿ ಎಂದು ಒತ್ತಿದ. ಆಡಿಟರ್ ಅದನ್ನು ತಪ್ಪೆಂದು ಗುರುತಿಸಿದರು. ವಾರದ ಸಭೆಯಲ್ಲಿ ಕಾರಣ ಕೇಳಿದಾಗ ಅವನು ಕನ್ನಡದಲ್ಲೇ ಹೇಳಿದ, "ಇದು ಅವಮಾನ ಅಲ್ರಿ. ನಮ್ಮಪ್ಪನ್ನೂ ಹಿಂಗ ಕುಂಡ್ರಿಸಿದ್ವಿ." ಕಾರ್ತಿಕ್ ಅದನ್ನು ಹಾಗೆಯೇ ಇಂಗ್ಲಿಷಿಗೆ ತಿರುಗಿಸಿ ಹೇಳಿದ. ಅಂಕ ಮಾತ್ರ ವಾಪಸು ಬರಲಿಲ್ಲ.

ಆ ಚಿತ್ರ ಹಾಕಿದ ಮನೆಯವರಿಗೆ ಒಂದು ಸಾಲು ಬರೆದು ಕೇಳಿದ್ದರೆ ಅವರೇ ಹೇಳುತ್ತಿದ್ದರು ಎಂದು ನನಗೆ ಅನ್ನಿಸಿತು. ಕೇಳುವಂತಿರಲಿಲ್ಲ. ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಹಿಂಸೆ ಕೊಟ್ಟದ್ದು ನೋಡಬಾರದ್ದನ್ನು ನೋಡಿದ್ದು ಎಂದು ಜನ ಎಣಿಸುತ್ತಾರೆ. ಅದೂ ಸುಳ್ಳಲ್ಲ. ಮಕ್ಕಳಿಗೆ, ಮೂಕಪ್ರಾಣಿಗಳಿಗೆ ಮನುಷ್ಯರು ಮಾಡುವುದನ್ನು ನೋಡಿ ಊಟ ಬಿಟ್ಟ ದಿನಗಳಿವೆ. ಅಂಥ ದಿನ ನಾನು ಬನಶಂಕರಿ ಬಸ್ ನಿಲ್ದಾಣದಲ್ಲಿ ಇಳಿದು ಸೀದಾ ಮನೆಗೆ ಹೋಗದೆ ಮಾರುಕಟ್ಟೆಯೊಳಗೆ ಹೊಕ್ಕು, ಬೇಕಿರಲಿ ಬೇಡದಿರಲಿ, ಸೊಪ್ಪನ್ನು ಕಟ್ಟುಕಟ್ಟಾಗಿ ಮುಟ್ಟಿ ನೋಡಿ ಒಂದೆರಡು ಕೊಂಡು ಬರುತ್ತಿದ್ದೆ. ಮೇಘನಾ, ನೀನೂ ಇಂಥದ್ದೇನಾದರೂ ಒಂದು ಇಟ್ಟುಕೋ. ಆದರೆ ಅಂಥ ಚಿತ್ರಗಳನ್ನು ತೆಗೆಯುವಾಗ ಮನಸ್ಸಿಗೆ ಅನುಮಾನ ಇರುವುದಿಲ್ಲ. ನಿದ್ದೆ ಕೆಡಿಸುವುದು ಅನುಮಾನದವು.

ಇನ್ನು ರುಕ್ಮಿಣಿ ಸಿಸ್ಟರ್ ವಿಚಾರ. ಅವರಿಗಾಗಿಯೇ ಇದನ್ನು ಬರೆಯಲು ಕೂತದ್ದು ಎಂದರೂ ತಪ್ಪಿಲ್ಲ.

ನನ್ನ ಮಗಳಿಗೆ ಹೆರಿಗೆಯಾದಾಗ ಮಗು ಹಾಲು ಹಿಡಿಯಲಿಲ್ಲ. ಎದೆ ಕಲ್ಲಿನಂತೆ ಬಿಗಿದು ಜ್ವರ ಬಂತು. ಯಾರೋ ಹೇಳಿದರೆಂದು ರುಕ್ಮಿಣಿ ಸಿಸ್ಟರನ್ನು ಕರೆಸಿದೆವು. ಹೆರಿಗೆ ಆಸ್ಪತ್ರೆಯಲ್ಲಿ ಜೀವಮಾನವಿಡೀ ನರ್ಸಾಗಿದ್ದು, ಆಮೇಲೆ ಮನೆಮನೆಗೆ ಹೋಗಿ ಬಾಣಂತಿಯರಿಗೆ ಹಾಲೂಡಿಸುವುದನ್ನು ಹೇಳಿಕೊಡುತ್ತಿದ್ದವರು. ಬಂದ ದಿನ ನಮ್ಮಮ್ಮ ಕೋಣೆಯ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಬಾಣಂತಿ ಕೋಣೆಯ ಬಾಗಿಲು ಯಾವತ್ತೂ ಅವಳದೇ. ಯಾರು ಬಂದರೂ ಮೊದಲು "ಏನಾಗ್ಬೇಕಿತ್ತು?" ಎಂದು ಕೇಳುವುದು, ಉತ್ತರ ಒಪ್ಪಿಗೆಯಾದರೆ ಕೈಕಾಲು ತೊಳೆಸಿ ಒಳಗೆ ಬಿಡುವುದು, ಇಲ್ಲವಾದರೆ ಕಾಫಿ ಕೊಟ್ಟು ಹಜಾರದಿಂದಲೇ ಕಳಿಸುವುದು. ನಮ್ಮ ಅಳಿಯನಿಗೂ ಇದರಲ್ಲಿ ವಿನಾಯಿತಿ ಇರಲಿಲ್ಲ. ಸಿಸ್ಟರ್ ನಗುತ್ತಾ ಕೈಕಾಲು ತೊಳೆದು ಒಳಗೆ ಹೋದರು. ಕೈಯಿಂದ ಹಾಲು ಹಿಂಡಿ ಬಿಗಿತ ಇಳಿಸುವುದನ್ನು ಮಗಳಿಗೆ ಕಲಿಸಿದರು. ಸಂಜೆಯ ಹೊತ್ತಿಗೆ ಮಗು ಹಾಲು ಕುಡಿದು ಮಲಗಿತು.

ಅವರು ಇದನ್ನೇ ವಿಡಿಯೊಗಳಲ್ಲಿ ಹೇಳಿಕೊಡಲು ನಮ್ಮದೇ ಜಾಲತಾಣದಲ್ಲಿ ಒಂದು ಪುಟ ಶುರು ಮಾಡಿದರು. ಹೆಸರು ಬಾಣಂತಿ ಕೋಣೆ. ನಮ್ಮಮ್ಮನ ಕುರ್ಚಿ ನೋಡಿ ಹೊಳೆದ ಹೆಸರು ಎಂದು ಹೇಳಿದ್ದರು. ಒಬ್ಬ ತಾಯಿ ಮುಖ ತೋರಿಸದೆ, ಮಗುವಿನ ಜೊತೆ, ಹಾಲು ಹಿಂಡುವ ಕ್ರಮ ತೋರಿಸಲು ಒಪ್ಪಿದ್ದಳು. ಎಲ್ಲೆಲ್ಲಿಂದಲೋ ಬಾಣಂತಿಯರು ಪ್ರಶ್ನೆ ಕೇಳುತ್ತಿದ್ದರು, ಸಿಸ್ಟರ್ ಒಬ್ಬೊಬ್ಬರಿಗೂ ಉತ್ತರ ಬರೆಯುತ್ತಿದ್ದರು.

ಅಷ್ಟು ಹೊತ್ತಿಗೆ ತಾನೇ ತೆಗೆಯುವ ಅಧಿಕಾರವನ್ನೂ ಪಡೆದಿದ್ದ ಯಂತ್ರ ಆ ವಿಡಿಯೊವನ್ನು ತೆಗೆದುಹಾಕಿತು. ಸಿಸ್ಟರ್ ಮೇಲ್ಮನವಿ ಹಾಕಿದರು, ಅದು ನನ್ನ ತೆರೆಗೇ ಬಂತು. ಗುರುತಿನವರ ಪೋಸ್ಟನ್ನು ನಾವು ನೋಡುವಂತಿಲ್ಲವಾದ್ದರಿಂದ ಕಾರ್ತಿಕನಿಗೆ ಹೇಳಿ ಪಕ್ಕಕ್ಕೆ ಸರಿದೆ. ಬಸವರಾಜ ನೋಡಿ ಇರಲಿ ಎಂದ. ಆಡಿಟರ್ ಮತ್ತೆ ತಪ್ಪೆಂದರು, ವಿಡಿಯೊ ಮರಳಲಿಲ್ಲ. ನಿಯಮಪುಸ್ತಕದಲ್ಲಿ ತಾಯಿ ಹಾಲೂಡಿಸುವುದನ್ನು ತೋರಿಸಬಹುದು ಎಂದಿತ್ತು, ಆದರೆ ಎದೆಯನ್ನು ಕೈಯಿಂದ ಒತ್ತುವುದು ಅಶ್ಲೀಲ ಎಂದಿತ್ತು. ಅದನ್ನು ಬರೆದವರ ಮನಸ್ಸಿನಲ್ಲಿ ಬೇರೆ ಬಗೆಯ ಚಿತ್ರಗಳಿದ್ದವು ಎನ್ನುವುದು ಸ್ಪಷ್ಟ. ಹಾಲು ಕಟ್ಟಿಕೊಂಡ ಬಾಣಂತಿ ಅವರಿಗೆ ನೆನಪಾಗಿರಲಿಲ್ಲ. ಇದೇ ತರಹದ ಇನ್ನೂ ಎರಡು ವಿಡಿಯೊ ಹೋದವು. ಮೂರು ತಪ್ಪಾದರೆ ಪುಟವೇ ಹೋಗುತ್ತದೆ. ಬಾಣಂತಿ ಕೋಣೆ ಹೋಯಿತು, ಅದರಲ್ಲಿದ್ದ ಅಷ್ಟೂ ತಾಯಂದಿರ ಪ್ರಶ್ನೆಗಳೂ ಉತ್ತರಗಳೂ ಅದರ ಜೊತೆ ಹೋದವು.

ನನಗೆ ಸಿಟ್ಟು ಬಂತು. ಗುರುತಿನವರ ಪರ ವಾದಿಸುತ್ತಿದ್ದೇನೆ ಎಂದು ಮೊದಲೇ ಹೇಳಿ, ಸಭೆಯಲ್ಲಿ ಮಾತಾಡಿದೆ. ಕಾರ್ತಿಕ್ ಅದನ್ನು ಬಿಡಲಿಲ್ಲ. ನಿಯಮಕ್ಕೆ ಒಂದು ವಿನಾಯಿತಿ ಬೇಕೆಂದು ಮೇಲಕ್ಕೆ ಬರೆದ, ನೆನಪಿಸಿ ಮತ್ತೆ ಬರೆದ, ನಿಮ್ಮ ತಂಡ ಅಂಕದ ಕಡೆ ಗಮನ ಕೊಡಲಿ ಎಂದು ಬೈಸಿಕೊಂಡ. ಕೊನೆಗೆ ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂತು. ಪರಿಶೀಲನೆ ಎನ್ನುವುದು ಯಾವ ದೇಶದಲ್ಲಾದರೂ ಒಂದೇ ಎಂದು ನನಗೆ ಆಗ ಗೊತ್ತಾಯಿತು. ಸಿಸ್ಟರಿಗೆ ಇದ್ಯಾವುದನ್ನೂ ಹೇಳುವಂತಿರಲಿಲ್ಲ. ಅವರು ಸಿಕ್ಕಾಗಲೆಲ್ಲ, ತೆಗೀಬೇಡಿ ಅಂತ ನಿಮ್ಮೋರಿಗೆ ಒಂದು ಮಾತು ಹೇಳಿ ಎನ್ನುತ್ತಿದ್ದರು. ನಾನು ಮಾತು ಬೇರೆ ಕಡೆ ತಿರುಗಿಸುತ್ತಿದ್ದೆ.

ಅಷ್ಟರಲ್ಲಿ ಜಾಲತಾಣವೇ ಮಾರಾಟವಾಯಿತು. ಕಚೇರಿಯಲ್ಲಿ ಯಾರೂ ನಮಗೆ ಹೇಳಲಿಲ್ಲ. ಬೆಳಿಗ್ಗೆ ಹಾಲು ತರಲು ಹೋದಾಗ ಪತ್ರಿಕೆಯಲ್ಲಿ ನೋಡಿದೆ. ಹೊಸದಾಗಿ ಬಂದ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದ ಎನ್ನುವಂತೆ, ಹೊಸ ಮಾಲೀಕರು ಮೊದಲ ವಾರದಲ್ಲೇ ಹಳೆಯದನ್ನೆಲ್ಲ ತೊಳೆದರು. ಇನ್ನು ಮುಂದೆ ಯಾರು ಬೇಕಾದರೂ ಏನು ಬೇಕಾದರೂ ಹೇಳಬಹುದು, ಹಿಂದೆ ತೆಗೆದ ಪುಟಗಳಿಗೆಲ್ಲ ಕ್ಷಮೆ. ತೆಗೆಯುವುದೇ ಇಲ್ಲವೆಂದ ಮೇಲೆ ತೆಗೆಯುವವರು ಯಾಕೆ? ಕನ್ನಡ ತಂಡದಲ್ಲಿ ಅರ್ಧ ಜನರನ್ನು ಕಳಿಸಿದರು. ಬಸವರಾಜನೂ ಹೋದ. ಹೋಗುವಾಗ ತನ್ನ ಬಟ್ಟಲು, ಶೇಂಗಾ ಚಟ್ನಿಯ ಡಬ್ಬಿ ಚೀಲಕ್ಕೆ ಹಾಕಿಕೊಂಡು, ನೀವಿರ್ರಿ ಮೇಡಂ, ಒಬ್ಬರಾದ್ರೂ ಇರಬೇಕು ಎಂದ. ನಾನು ಲಿಫ್ಟಿನವರೆಗೆ ಅವನ ಜೊತೆಗೆ ನಡೆದೆ.

ಹೊಸ ಮಾಲೀಕರ ಮಾತು ನನಗೆ ಪೂರ್ತಿ ತಪ್ಪೆಂದೂ ಅನ್ನಿಸಿರಲಿಲ್ಲ. ಗಿರಿನಗರದ ಒಬ್ಬರು ತಮ್ಮ ಬೀದಿಯ ಚರಂಡಿಯ ಬಗ್ಗೆ ನಿಜವನ್ನೇ ಬರೆದದ್ದಕ್ಕೆ, ಯಾರದೋ ಕಡೆಯವರು ಗುಂಪುಕಟ್ಟಿ ದೂರು ಒತ್ತಿ, ದೂರುಗಳ ರಾಶಿ ನೋಡಿಯೇ ಯಂತ್ರ ಅದನ್ನು ತೆಗೆದದ್ದನ್ನು ನಾನು ಕಂಡಿದ್ದೆ. ಬಾಯಿ ಮುಚ್ಚಿಸುವುದು ಎಷ್ಟು ಸಲೀಸು ಎಂದು ಒಳಗೆ ಕೂತವರಿಗೇ ಗೊತ್ತು. ಪತ್ರಿಕೆಯಲ್ಲಿದ್ದವಳು ನಾನು, ಖಾರದ ಪತ್ರ ನನಗೆ ಯಾವತ್ತೂ ಇಷ್ಟ. ಬಾಣಂತಿ ಕೋಣೆಯೂ ಮರಳಿ ಬಂತು. ಸಿಸ್ಟರ್ ಹೋಳಿಗೆ ಮಾಡಿಕೊಂಡು ಮನೆಗೆ ಬಂದರು, ಎಲ್ಲವೂ ನನ್ನ ಉಪಕಾರವೆಂದು. ನಾನು ಏನೂ ಮಾಡಿಲ್ಲ ಎಂದರೂ ನಂಬಲಿಲ್ಲ.

ಹೋಳಿಗೆಯ ರುಚಿ ಬಹಳ ದಿನ ಉಳಿಯಲಿಲ್ಲ. ಪುಟದಲ್ಲಿ ಗಂಡಸರು ತುಂಬಿಕೊಂಡರು. ಹಾಲು ಸಾಲುತ್ತಿಲ್ಲ ಎಂದು ಒಬ್ಬ ತಾಯಿ ಬರೆದರೆ ಅದರ ಕೆಳಗೆ ನಾನು ಇಲ್ಲಿ ಬರೆಯಲಾಗದ ಮಾತುಗಳು. ಹಾಲು ಹಿಂಡುವ ವಿಡಿಯೊವನ್ನು ಕದ್ದು, ಸಿಸ್ಟರ್ ಧ್ವನಿ ತೆಗೆದು, ಅದಕ್ಕೆ ಹಾಡು ಹಚ್ಚಿ ಬೇರೆ ಬೇರೆ ಪುಟಗಳಲ್ಲಿ ಹರಿಬಿಟ್ಟರು. ಪ್ರಶ್ನೆ ಕೇಳುವವರು ಒಬ್ಬೊಬ್ಬರಾಗಿ ನಿಂತುಹೋದರು. ವಿಡಿಯೊದಲ್ಲಿದ್ದ ತಾಯಿಯನ್ನು ಅವಳ ಗಂಡನ ಮನೆಯವರು ಯಾರೋ ಬಳೆಯಿಂದ ಗುರುತು ಹಿಡಿದರು. ಮನೆಯಲ್ಲಿ ದೊಡ್ಡ ರಾದ್ಧಾಂತವಾಗಿ ಅವಳು ಮಗು ಎತ್ತಿಕೊಂಡು ತವರಿಗೆ ಹೋಗಬೇಕಾಯಿತು. ಸಿಸ್ಟರ್ ತಮ್ಮ ಪುಟದಿಂದ ಆ ವಿಡಿಯೊ ಅಳಿಸಿದರು. ಕದ್ದವರ ಪುಟಗಳ ಮೇಲೆ ದೂರು ಕೊಟ್ಟರು. ಪ್ರತಿ ಸಲವೂ ಯಂತ್ರದಿಂದ ಒಂದೇ ಉತ್ತರ, ಯಾವ ನಿಯಮದ ಉಲ್ಲಂಘನೆಯೂ ಆಗಿಲ್ಲ.

ಈ ಸಲ ಅವರು ಹೋಳಿಗೆ ತರಲಿಲ್ಲ. ಹಜಾರದಲ್ಲಿ ಕೂತು, ಕಾಫಿ ಮುಟ್ಟದೆ, ಧ್ವನಿ ಏರಿಸದೆ ಕೇಳಿದರು.

"ನೀವು ಅಲ್ಲೇ ತಾನೇ ಕೆಲಸ ಮಾಡೋದು? ಆವಾಗ ತೆಗೀಬೇಡಿ ಅಂದೆ, ತೆಗೆದ್ರಿ. ಈಗ ತೆಗೀರಿ ಅಂತಿದೀನಿ, ತೆಗೆಯಲ್ಲ. ನಿಮ್ಮಲ್ಲಿ ಯಾರಾದ್ರೂ ಒಬ್ರು, ಒಂದ್ಸಲ, ನನ್ನನ್ನ ಕೇಳಬಹುದಿತ್ತಲ್ವಾ?"

ಮರುದಿನ ಕಾರ್ತಿಕನ ಮುಂದೆ ಕೂತು, ಹೊಸ ನಿಯಮಪುಸ್ತಕವನ್ನು ಹಿಂದುಮುಂದು ಮಾಡಿ, ಕದ್ದ ವಿಡಿಯೊ ತೆಗೆಯಲು ಒಂದು ದಾರಿ ಹುಡುಕಿದೆವು. ಒಪ್ಪಿಗೆಯಿಲ್ಲದೆ ಹಂಚಿದ ಖಾಸಗಿ ಚಿತ್ರ ಎಂಬ ಖಾನೆ ಇನ್ನೂ ಉಳಿದಿತ್ತು. ಅದರಡಿ ಆ ತಾಯಿಯೇ ದೂರು ಕೊಡಬೇಕಿತ್ತು. ಸಿಸ್ಟರ್ ಅವಳ ತವರಿಗೆ ಹೋಗಿ, ಪಕ್ಕದಲ್ಲಿ ಕೂತು ದೂರು ಕೊಡಿಸಿದರು. ಒಂದೊಂದಾಗಿ ಬಹುತೇಕ ತೆಗೆದೆವು. ಪೂರ್ತಿ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಕೆಲವು ತಿಂಗಳ ಮೇಲೆ ಅವಳ ಗಂಡನೇ ಹೋಗಿ ಕರೆದುಕೊಂಡು ಬಂದನಂತೆ. ಅಷ್ಟರಲ್ಲಿ ಸಿಸ್ಟರ್ ತಮ್ಮ ಕೈಯಾರೆ ಬಾಣಂತಿ ಕೋಣೆಯನ್ನು ಮುಚ್ಚಿದ್ದರು. ಅದೇ ವರ್ಷ ನನಗೂ ಅರವತ್ತಾಯಿತು, ಗುತ್ತಿಗೆ ಮುಂದುವರಿಸಲಿಲ್ಲ.

ಮನೆಯಲ್ಲಿ ಕೂತ ಮೇಲೆ ನಾನು ಇದನ್ನೇ ಯೋಚಿಸುತ್ತಿದ್ದೆ. ಹಳೆಯ ಮಾಲೀಕರು ಬಾಗಿಲು ಹಾಕಿದ್ದರು, ಹೊಸಬರು ಬಾಗಿಲನ್ನೇ ಕಿತ್ತರು. ಮಾತಿನ ಸ್ವಾತಂತ್ರ್ಯದ ಬಗ್ಗೆ ಇಬ್ಬರೂ ಬಹಳ ಮಾತಾಡಿದರು. ನಮ್ಮಮ್ಮ ಈಗಿಲ್ಲ, ಆದರೆ ಆ ಕುರ್ಚಿ ಇನ್ನೂ ಹಜಾರದಲ್ಲಿದೆ. ಒಂದು ದಿನ ಅದರಲ್ಲಿ ಕೂತುಕೊಂಡೇ ಸಿಸ್ಟರಿಗೆ ಫೋನು ಮಾಡಿದೆ. ಪುಟ ಬೇಡ, ಒಪ್ಪಿಗೆ ಪಡೆದು ಒಳಗೆ ಬರುವ ಒಂದು ಗುಂಪು ಮಾಡೋಣ, ಒಳಗಿನದನ್ನು ನೀವು ನೋಡಿಕೊಳ್ಳಿ, ಬಾಗಿಲನ್ನು ನಾನು ನೋಡಿಕೊಳ್ಳುತ್ತೇನೆ ಎಂದೆ. ಅವರು ಬಹಳ ಹೊತ್ತು ಯೋಚಿಸಿ ಒಪ್ಪಿದರು. ಹೆಂಗಸರಿಗೆ ಮಾತ್ರ ಪ್ರವೇಶ ಎನ್ನುವುದು ಅವರೇ ಹಾಕಿದ ನಿಯಮ.

ಈಗ ಮಧ್ಯಾಹ್ನದ ಊಟವಾದ ಮೇಲೆ ನಾನು ಫೋನು ಹಿಡಿದು ಆ ಕುರ್ಚಿಯಲ್ಲಿ ಕೂತು, ಗುಂಪಿಗೆ ಸೇರಲು ಬಂದ ಕೋರಿಕೆಗಳನ್ನು ನೋಡುತ್ತೇನೆ. ಆಡಿಟರ್ ಇಲ್ಲ, ಅಂಕವಿಲ್ಲ. ಆದರೂ ಹಳೆಯ ಅಭ್ಯಾಸ ಹೋಗುವುದಿಲ್ಲ, ಹೆಸರು ನೋಡಿದ ಕೂಡಲೇ ಬೆರಳು ಗುಂಡಿಯ ಕಡೆ ಓಡುತ್ತದೆ. ಕಳೆದ ವಾರ ಮಂಜುನಾಥ ಎಂಬ ಹೆಸರಿನಲ್ಲಿ ಒಂದು ಕೋರಿಕೆ ಬಂತು. ಚಿತ್ರದಲ್ಲಿ ಒಂದು ಬೈಕು, ಅದರ ಪಕ್ಕ ಕಪ್ಪು ಕನ್ನಡಕದ ಯುವಕ. ನಿಯಮದ ಪ್ರಕಾರ ಯೋಚಿಸಲು ಏನೂ ಇರಲಿಲ್ಲ. ಆದರೂ ಯಾಕೋ ಕೈ ತಡೆದು ಸಿಸ್ಟರಿಗೆ ಫೋನು ಮಾಡಿ, ಏನು ಮಾಡಲಿ ಎಂದೆ.

"ಬಾಗಿಲಲ್ಲಿ ಕೂತಿರೋರು ನೀವು," ಎಂದರು ಅವರು. "ನನ್ನ ಯಾಕೆ ಕೇಳ್ತೀರ? ಅವರನ್ನೇ ಕೇಳಿ."

ಅಷ್ಟು ವರ್ಷ ಆ ಕೆಲಸದಲ್ಲಿದ್ದು ನಾನು ಲೆಕ್ಕವಿಲ್ಲದಷ್ಟು ಜನರ ಮಾತನ್ನು ತೆಗೆದಿದ್ದೇನೆ, ಉಳಿಸಿದ್ದೇನೆ. ಒಬ್ಬರನ್ನೂ ಏನನ್ನೂ ಕೇಳಿರಲಿಲ್ಲ. ಫೋನು ಹಿಡಿದು, ನಮ್ಮಮ್ಮನ ಮಾತನ್ನೇ ಬರೆದೆ: ಏನಾಗಬೇಕಿತ್ತು?

ಆ ಕಡೆಯಿಂದ ಬಹಳ ಹೊತ್ತು ಬರೆದು ಅಳಿಸಿ ಬರೆದು ಅಳಿಸಿ ಆದ ಮೇಲೆ ಉತ್ತರ ಬಂತು. "ಮೇಡಂ, ತಲಘಟ್ಟಪುರದಿಂದ. ಮಗು ಹುಟ್ಟಿ ನಾಲ್ಕು ದಿನ ಆಯ್ತು, ಹಾಲು ಹಿಡೀತಿಲ್ಲ. ಹೆಂಡತಿ ಅಳ್ತಾ ಇದಾಳೆ. ನಮ್ಮನೇಲಿ ಇರೋದು ಇದೊಂದೇ ಫೋನು."

ಫೋನನ್ನು ಅವರ ಕೈಗೆ ಕೊಟ್ಟು ನೀವು ಹೊರಗೆ ಬನ್ನಿ ಎಂದು ಬರೆದೆ.

ಆಮೇಲೆ ಒಂದು ಸಾಲು ಬಂತು. "ಅಕ್ಕಾ, ನಾನು ಅವರ ಹೆಂಡ್ತಿ. ಅವರು ಆಚೆ ಹೋದ್ರು."

ನಾನು ಬಾಗಿಲು ತೆಗೆದೆ.